ಹಿಂದೆ ಬರುವವರ ಸೀಟಿ

ನಮ್ಮ ಸೈಕಲ್ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವುದು ಒಂದು ಹುದ್ದೆ. ಆ ಹುದ್ದೆಯಲ್ಲಿ ನಾನು ಆರು ವರ್ಷ ಇದ್ದೆ. ಯಾರೂ ನೇಮಿಸಿರಲಿಲ್ಲ, ಸಂಬಳವಂತೂ ಇರಲೇ ಇಲ್ಲ. ಆದರೂ ಅದು ಕೈಬಿಟ್ಟು ಹೋದಾಗ ನನಗಾದ ಹೊಟ್ಟೆಕಿಚ್ಚನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾವು ಮೊದಲು ಎಂಟು ಜನ. ರವಿವಾರ ಬೆಳಿಗ್ಗೆ ಕಾಕತಿಯ ಕಡೆಗೋ ಸಾಂಬ್ರಾದ ಕಡೆಗೋ ಹೋಗಿ, ಚಹಾ ಕುಡಿದು, ಬಿಸಿಲೇರುವುದರೊಳಗೆ ಬೆಳಗಾವಿಗೆ ಬಂದು ಮನೆ ಸೇರುವವರು. ವರ್ಷಕ್ಕೊಮ್ಮೆ, ಮಳೆ ನಿಂತು ಚಳಿ ಬಿದ್ದ ಮೇಲೆ, ನಾಲ್ಕು ದಿನ ರಜೆ ಹಾಕಿ ಒಂದು ಘಾಟು ಇಳಿದು ಇನ್ನೊಂದು ಘಾಟು ಹತ್ತಿ ಬರುತ್ತೇವೆ. ನಮ್ಮ ಪದ್ಧತಿ ಏನೆಂದರೆ, ಪಂಕ್ಚರ್ ಸಾಮಾನಿನ ಚೀಲ ಎಲ್ಲರಿಗೂ ಸೇರಿ ಒಂದೇ, ಅದರೊಳಗಿನ ಪಂಪೂ ಒಂದೇ. ಅದು ಹಿಂದೆ ಬರುವವನ ಬೆನ್ನ ಮೇಲೆ. ಅವನ ಕೊರಳಲ್ಲಿ ಒಂದು ಸೀಟಿ. ದಾರಿಯಲ್ಲಿ ಯಾರ ಗಾಲಿ ಪಂಕ್ಚರಾದರೂ ಗಾಬರಿಪಡಬೇಕಿಲ್ಲ, ಬದಿಗೆ ನಿಂತರೆ ಸಾಕು, ಹಿಂದಿನವನು ಬಂದೇ ಬರುತ್ತಾನೆ. ಘಾಟಿನ ನೆತ್ತಿಯನ್ನು ಮೊದಲು ಮುಟ್ಟಿದವರು ಎಲ್ಲರಿಗೂ ಚಹಾ ಹೇಳುತ್ತಾರೆ, ಆದರೆ ಹಿಂದಿನವನು ಬಂದು ಎರಡು ಸಲ ಸೀಟಿ ಊದುವತನಕ ಯಾರೂ ಕಪ್ಪು ಮುಟ್ಟುವಂತಿಲ್ಲ. ಚಹಾ ತಣ್ಣಗಾದರೂ ಸರಿ. ಉಳಿದವರೆಲ್ಲ ತಮ್ಮ ತಮ್ಮ ಚಹಾ ಮುಂದಿಟ್ಟುಕೊಂಡು ರಸ್ತೆಯ ತಿರುವನ್ನೇ ನೋಡುತ್ತಿರುವಾಗ ಅಲ್ಲಿಗೆ ಬಂದು ಸೀಟಿ ಊದುವ ಸುಖ, ಮೊದಲು ಮುಟ್ಟಿದವರಿಗೆ ಏನು ಗೊತ್ತು?

ಇನ್ನೊಂದು ಸುಖವಿತ್ತು. ನಮ್ಮಲ್ಲಿ ಎಲ್ಲರಿಗಿಂತ ನಿಧಾನ ಹತ್ತುವವರು ಬ್ಯಾಂಕಿನಿಂದ ನಿವೃತ್ತರಾದ ಸಾಹೇಬರು. ವಯಸ್ಸು ಅರವತ್ತಾರು, ಒಂದು ಮೊಣಕಾಲು ಆಗಾಗ ಮುಷ್ಕರ ಹೂಡುತ್ತದೆ. ಹಿಂದೆ ಬರುವುದೆಂದರೆ ಅವರ ಜೊತೆಗೆ ಬರುವುದು. ಅವರು ಏರಿನಲ್ಲಿ ಕಥೆ ಹೇಳುತ್ತಾರೆ. ಹರೆಯದಲ್ಲಿ ಖಾನಾಪುರದ ಶಾಖೆಯಲ್ಲಿ ಕ್ಲಾರ್ಕ್ ಆಗಿದ್ದಾಗ ಪ್ರತಿ ಶನಿವಾರ ಸೈಕಲ್ ತುಳಿದು ಬೆಳಗಾವಿಯ ಶಹಾಪುರಕ್ಕೆ ಒಬ್ಬ ಹುಡುಗಿಯನ್ನು ನೋಡಲು ಬರುತ್ತಿದ್ದ ಕಥೆ. ಸೈಕಲ್ ಮೇಲೆ ಬರುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹುಡುಗಿಯ ಅಪ್ಪ ಹೇಳಿದ್ದರಂತೆ. ಒಂದು ಶನಿವಾರ ಧೋ ಎಂದು ಮಳೆ. ಇವರು ತೊಯ್ದು ತೊಪ್ಪೆಯಾಗಿ ಮಚ್ಛೆಯ ಹತ್ತಿರ ಬಂದರೆ ಆ ಅಪ್ಪ ಛತ್ರಿ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದಾರೆ. ಕಥೆ ಸರಿಯಾಗಿ ಅಲ್ಲಿಗೆ ಬರುವಾಗ ನಮ್ಮ ಏರು ಕಡಿದಾಗುತ್ತದೆ, ಸಾಹೇಬರಿಗೆ ಉಸಿರು ಸಾಲುವುದಿಲ್ಲ, ಕಥೆ ನಿಲ್ಲುತ್ತದೆ. ನೆತ್ತಿ ಮುಟ್ಟಿದ ಮೇಲೆ ಕೇಳಿದರೆ "ಸಪಾಟ ರಸ್ತೇದಾಗ ಹೇಳೂ ಕಥಿ ಅಲ್ಲದು, ತಮ್ಮಾ" ಎನ್ನುತ್ತಾರೆ. ಮುಂದಿನ ಏರಿಗೆ ಮತ್ತೆ ಮೊದಲಿನಿಂದ ಶುರು. ಆ ಹುಡುಗಿ ಈಗ ಅವರ ಹೆಂಡತಿ, ರವಿವಾರ ನಮಗೆಲ್ಲ ಡಬ್ಬಿಯಲ್ಲಿ ಚುರಮುರಿ ಕಟ್ಟಿ ಕಳಿಸುತ್ತಾರೆ. ಅವರನ್ನು ಕೇಳಿದರೆ ಒಂದು ನಿಮಿಷದ ಕೆಲಸ. ಆದರೆ ಆರು ವರ್ಷವೂ ನಾನು ಕೇಳಲಿಲ್ಲ, ಆ ಕಥೆಯ ಕೊನೆ ಒಂದು ದಿನ ಒಂದು ಏರಿನಲ್ಲಿ ನನಗೇ ಸಿಗಬೇಕೆಂದು ಕಾದಿದ್ದೆ.

ಹೋದ ವರ್ಷ ಖಾನಾಪುರದಿಂದ ಒಬ್ಬ ಶಿಕ್ಷಕಿ ಗುಂಪಿಗೆ ಸೇರಿದರು. ಸರಕಾರಿ ಸಾಲಿಯಲ್ಲಿ ಆಟ ಕಲಿಸುವ ಟೀಚರು, ಮೂವತ್ತೈದು ಇರಬಹುದು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಸೈಕಲ್ ಮೇಲೆ ಎರಡೂ. ಎಲ್ಲರೂ ಅವರನ್ನು ಅಕ್ಕಾವ್ರು ಎಂದು ಕರೆದರು. ಗುಂಪಿಗೆಲ್ಲ 'ಅಣ್ಣಾ' ಆಗಿದ್ದ ನನ್ನನ್ನು ಅವರು ಮೊದಲ ದಿನವೇ 'ಕಾಕಾ' ಎಂದರು. ಅರವತ್ತಾರರವರು ಸಾಹೇಬರು, ಐವತ್ತೊಂದರವನು ಕಾಕಾ! ಅಂದೇ ನನಗೆ ಆಕೆಯನ್ನು ಕಂಡರೆ ಆಗದಾಯಿತು.

ಈ ಸಲದ ಪ್ರವಾಸಕ್ಕೆ ಆಂಬೋಲಿ ಘಾಟು ಇಳಿದು ಸಾವಂತವಾಡಿ, ಅಲ್ಲಿಂದ ಗೋವಾದ ಸಾಖಳಿ, ಆಮೇಲೆ ಚೋರ್ಲಾ ಘಾಟು ಹತ್ತಿ ವಾಪಸು ಎಂದು ಸಭೆ ಸೇರಿ ಠರಾಯಿಸಿದೆವು. ಹತ್ತಿದ ಮೇಲೆ ಜಾಂಬೋಟಿಯಿಂದ ಬೆಳಗಾವಿಗೆ ನೆಟ್ಟಗೆ ರಸ್ತೆಯಿದೆ. ಆದರೆ ಅಕ್ಕಾವ್ರು "ನಮ್ಮ ಮನ್ಯಾಗ ಊಟಾ ಮಾಡಿ, ಒಂದು ರಾತ್ರಿ ಇದ್ದು ಹೋಗ್ರಿ" ಎಂದದ್ದೇ ತಡ, ಒಂಬತ್ತು ಸೈಕಲ್ಲೂ ಖಾನಾಪುರಕ್ಕೆ ಸುತ್ತು ಹಾಕಲು ಒಪ್ಪಿಬಿಟ್ಟವು. ಆರು ವರ್ಷದಲ್ಲಿ ಮಚ್ಛೆಯ ನನ್ನ ವರ್ಕ್‌ಶಾಪಿನ ಮುಂದೆ ಇವರು ಒಂದು ದಿನ ಸೈಕಲ್ ನಿಲ್ಲಿಸಿ ನೀರು ಕುಡಿದವರಲ್ಲ.

ಅದೇ ಸಭೆಯಲ್ಲಿ ಗುಂಪಿನ ಹಿರಿತನ ವಹಿಸುವ ಮಕ್ಕಳ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಉಪಕಾರ ಮಾಡುವ ದನಿಯಲ್ಲಿ ಹೇಳಿದರು: "ಅಣ್ಣಾ, ಆರು ವರ್ಷ ಆತು ನೀವು ನಮ್ಮ ಹಿಂದ ಬಂದು. ಈ ಸಲ ಆರಾಮ ಮುಂದ ಹೋಗ್ರಿ, ಮಜಾ ಮಾಡ್ರಿ. ಸೀಟಿ ಅಕ್ಕಾವ್ರು ಹಿಡೀತಾರ. ಸಾಲ್ಯಾಗ ಅವರದು ಅದ ಕೆಲಸ ಐತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇನ್ನೇನು ಮಾಡುವುದು, ಹಿಂದೆ ಉಳಿಯುವುದೇ ನನ್ನ ಮಜಾ ಎಂದು ಐದಾರು ಜನರ ಮುಂದೆ ಹೇಗೆ ಹೇಳುವುದು? ಸಾಹೇಬರಾದರೂ ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ಚುರಮುರಿಯಲ್ಲಿ ಶೇಂಗಾ ಹುಡುಕುತ್ತಿದ್ದರು.

ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗಿದೆ. "ಎಲ್ಲಾರೂ ಮುಂದ ಹೋಗಾಕ ಜಗಳಾಡತಾರ, ನೀವು ಹಿಂದ ಬರಾಕ ಜಗಳಾಡ್ತೀರೇನು?" ಎಂದು ಅವಳು ಮನಸಾರೆ ನಕ್ಕಳು.

ಚೀಲ ಒಪ್ಪಿಸುವ ದಿನ ಅಕ್ಕಾವ್ರು ಬಂದರು. ನಾನು ನನ್ನ ಸ್ಟೀಲಿನ ಸೀಟಿಯನ್ನೂ ಜೊತೆಗೆ ಕೊಡಲು ಹೋದರೆ "ಅದು ಬ್ಯಾಡ್ರಿ ಕಾಕಾ, ನಂದು ಐತಿ" ಎಂದು ಕೊರಳಿನ ಹಸಿರು ದಾರ ತೋರಿಸಿದರು. ನನ್ನ ಸೀಟಿ ನನ್ನ ಕಿಸೆಯಲ್ಲೇ ಉಳಿಯಿತು. ಟ್ಯೂಬು, ಅಂಟು, ನಟ್ಟು ಬಿಚ್ಚುವ ಪಾನಾ, ಒಂದೊಂದಾಗಿ ಎಣಿಸಿ ಕೊಟ್ಟೆ. ಪಂಪನ್ನೂ ಕೊಟ್ಟೆ. ಅದರ ಬಗ್ಗೆ ಒಂದು ಮಾತು ಮಾತ್ರ ಹೇಳಲಿಲ್ಲ.

ಆ ಮಾತು ಇದು. ಪಂಪಿನ ರಬ್ಬರ್ ನಳಿಗೆ ಅದರ ಹೊಟ್ಟೆಯೊಳಗೇ ಇರುತ್ತದೆ, ಹೊರಗೆ ತೆಗೆಯಬೇಕಾದರೆ ತುದಿಯ ಮುಚ್ಚಳ ತಿರುವಿ ಬಿಚ್ಚಬೇಕು. ಕಂಪನಿಯ ಮುಚ್ಚಳ ರಸ್ತೆಯ ಕುಲುಕಾಟಕ್ಕೆ ಸಡಿಲಾಗಿ ಎರಡು ಸಲ ಬಿದ್ದುಹೋಗಿತ್ತು. ಹಾಗಾಗಿ ನನ್ನ ಲೇಥಿನ ಮೇಲೆ ಹಿತ್ತಾಳೆಯ ಮುಚ್ಚಳ ಮಾಡಿ, ಅದಕ್ಕೂ ಪಂಪಿಗೂ ಉಲ್ಟಾ ಥ್ರೆಡ್ ಹಾಕಿದ್ದೆ. ಎಲ್ಲ ಮುಚ್ಚಳ ಎಡಕ್ಕೆ ತಿರುವಿದರೆ ಬಿಚ್ಚುತ್ತವೆ, ಇದು ಬಲಕ್ಕೆ. ಗೊತ್ತಿಲ್ಲದವರು ಬಿಚ್ಚಲು ಹೋದಷ್ಟೂ ಅದು ಬಿಗಿಯಾಗುತ್ತದೆ. ಬೀಳಬಾರದೆಂದು ಹಾಗೆ ಮಾಡಿದೆ ಎನ್ನುವುದು ಖರೆ. ನನ್ನ ಹೊರತು ಯಾರಿಗೂ ಬಿಚ್ಚಲು ಬಾರದು ಎನ್ನುವುದು ಒಳಗೊಳಗೇ ಹಿತವಾಗಿತ್ತು ಎನ್ನುವುದೂ ಖರೆ. ಅಂದು ಹೇಳಲು ಬಾಯಿ ತೆರೆದೆ. ಕೊರಳಿನ ಹಸಿರು ದಾರ ಕಣ್ಣಿಗೆ ಬಿತ್ತು. "ಎಲ್ಲಾ ಬರೋಬರ ಐತಿ" ಎಂದೆ.

ಮೊದಲ ಎರಡು ದಿನ ನಾನು ಮುಂದೆ ಹೋದೆ. ಆಂಬೋಲಿಯ ಇಳಿಜಾರಿನಲ್ಲಿ ಎಲ್ಲರಿಗಿಂತ ಮೊದಲು ಕೆಳಗೆ ಬಂದು ಒಬ್ಬನೇ ಕಾಜೂ ಮಾರುವವಳ ಮುಂದೆ ಅರ್ಧ ಗಂಟೆ ನಿಂತೆ. ಮಜಾ ಎಂದರೆ ಇದೇ ಇರಬೇಕು. ಸಾವಂತವಾಡಿಯಿಂದ ಸಾಖಳಿಯ ದಾರಿಯಲ್ಲಿ ಸಣ್ಣ ಸಣ್ಣ ಏರುಗಳು ಬಂದಾಗಲೆಲ್ಲ ಹಿಂದಿರುಗಿ ನೋಡಿದೆ. ದೂರದಲ್ಲಿ ಸಾಹೇಬರ ಬಿಳಿ ಟೋಪಿ, ಅದರ ಪಕ್ಕಕ್ಕೆ ಹಸಿರು ದಾರ. ಸಾಹೇಬರು ಒಂದು ಕೈ ಬಿಟ್ಟು ಛತ್ರಿ ಹಿಡಿದವರಂತೆ ಅಭಿನಯಿಸಿ ತೋರಿಸುತ್ತಿದ್ದರು. ನನ್ನ ಕಥೆ! ನನ್ನ ಛತ್ರಿ! ಏರು ಇನ್ನಷ್ಟು ಕಡಿದಾಗಲಿ ಎಂದು ಬೇಡಿಕೊಂಡೆ. ಆಯಿತು. ಸಾಹೇಬರ ಕೈ ಹ್ಯಾಂಡಲಿಗೆ ಬಂತು. ಅಷ್ಟು ಸಮಾಧಾನ.

ಮೂರನೆಯ ದಿನ ಚೋರ್ಲಾ. ನಸುಕಿನಲ್ಲೇ ಸಾಖಳಿ ಬಿಟ್ಟೆವು. ಸಿಟ್ಟಿನಲ್ಲಿ ತುಳಿದರೆ ಘಾಟು ಬೇಗ ಹತ್ತುತ್ತದೆ ಎಂದು ಅಂದು ತಿಳಿಯಿತು. ಎಲ್ಲರಿಗಿಂತ ಮೊದಲು ನಾನು ನೆತ್ತಿ ಮುಟ್ಟಿದೆ. ಒಂಬತ್ತು ಚಹಾ ಹೇಳಿದೆ. ಒಬ್ಬೊಬ್ಬರೇ ಬಂದರು. ಏಳು ಜನರಾದೆವು. ಬರಬೇಕಾದವರು ಇಬ್ಬರೇ.

ಚಹಾ ತಣ್ಣಗಾಯಿತು, ಅದರ ಮೇಲೆ ಕೆನೆ ಕಟ್ಟಿತು. ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಆ ಘಾಟಿನಲ್ಲಿ ಫೋನು ಹತ್ತುವುದಿಲ್ಲ. "ಪಂಕ್ಚರ್ ಆಗಿರಬೇಕು, ಅಕ್ಕಾವ್ರು ಅದಾರಲ್ಲ" ಎಂದು ಡಾಕ್ಟರು ಸಮಾಧಾನದಿಂದ ಕೂತರು. ಏನಾಗಿದೆ ಎಂದು ಆ ಏಳು ಜನರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಸೈಕಲ್ ಹತ್ತಿ ಕೆಳಗೆ ಇಳಿದರೆ ಹತ್ತು ನಿಮಿಷದಲ್ಲಿ ಅವರ ಹತ್ತಿರ ಇರುತ್ತಿದ್ದೆ. ಎದ್ದೂ ನಿಂತೆ. ಆದರೆ ಮನಸ್ಸಿನ ಒಂದು ಮೂಲೆ, ಇನ್ನೊಂದಿಷ್ಟು ಹೊತ್ತಾಗಲಿ, ಸೀಟಿ ಯಾರ ಕೊರಳಲ್ಲಿರಬೇಕು ಎಂದು ಎಲ್ಲರಿಗೂ ತಿಳಿಯಲಿ ಎಂದಿತು. ಮತ್ತೆ ಕೂತೆ.

ಒಂದೂ ಕಾಲು ಗಂಟೆಯ ಮೇಲೆ ಅವರು ಬಂದರು, ನಡೆದುಕೊಂಡು. ಸಾಹೇಬರ ಹಿಂದಿನ ಗಾಲಿ ಚಪ್ಪಟೆಯಾಗಿತ್ತು. ಎರಡು ಸೈಕಲ್ಲನ್ನೂ ಅಕ್ಕಾವ್ರೇ ಎರಡು ಕೈಯಲ್ಲಿ ನೂಕುತ್ತಿದ್ದರು. ಸಾಹೇಬರು ಮೊಣಕಾಲು ಹಿಡಿದುಕೊಂಡು ಕುಂಟುತ್ತಿದ್ದರು, ಆದರೆ ನಗುತ್ತಿದ್ದರು. ಅಕ್ಕಾವ್ರು ಸೈಕಲ್ ಒರಗಿಸಿ, ಬೆವರು ಒರೆಸಿ, ಎರಡು ಸಲ ಸೀಟಿ ಊದಿದರು. ಎಲ್ಲರೂ ತಣ್ಣನೆಯ ಚಹಾ ಎತ್ತಿದರು.

"ನಂದ ತಪ್ಪ್ರಿ. ಪಂಪಿನ ಮುಚ್ಚಳ ಜಾಮ್ ಆಗಿತ್ತು. ಎಷ್ಟ ತಿರುವಿದ್ರೂ ಬಿಚ್ಚಲಿಲ್ಲ. ಮೊದಲ ತೆಗದು ನೋಡಬೇಕಿತ್ತು ನಾ. ಟೆಂಪೋದಾಗ ಕುಂದರ್ರಿ ಅಂದ್ರ ಸಾಹೇಬ್ರು ಕೇಳಲಿಲ್ಲ" ಎಂದರು. ಅಕ್ಕಾವ್ರ ಅಂಗೈ ಕೆಂಪಗೆ ಸುಲಿದಿತ್ತು.

ನಾನು ಪಂಪು ತೆಗೆದುಕೊಂಡು ಅಂಗಡಿಯ ಹಿಂದಕ್ಕೆ ಹೋದೆ. ಪಾನಾ ಹಾಕಿ ಬಲಕ್ಕೆ ತಿರುವಿದೆ, ಬಿಚ್ಚಿತು. ಬಂದು "ಒಂದೀಟು ಎಣ್ಣಿ ಬೇಕಾಗಿತ್ತು" ಎಂದೆ. ಟ್ಯೂಬು ಬದಲಿಸಿ ಗಾಳಿ ಹೊಡೆದೆ. "ಅಣ್ಣಾ ಇದ್ರ ಚಿಂತಿನ ಇಲ್ಲ ನೋಡ್ರಿ" ಎಂದು ಯಾರೋ ಅಂದರು. ನಾನು ಮೂರು ದಿನದಿಂದ ಕೇಳಬೇಕೆಂದಿದ್ದ ಮಾತು ಅದೇ. ಸಾಹೇಬರು ಕಲ್ಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ ನನ್ನ ಕೈಯನ್ನೇ ನೋಡುತ್ತಿದ್ದರು.

ನಾಚಿಕೆಯಾಗಲಿಲ್ಲವೇ ಎಂದರೆ ಆಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು. ಜಾಂಬೋಟಿ ದಾಟಿ ಹೋಗುವಾಗ ಅಕ್ಕಾವ್ರು ಡಾಕ್ಟರಿಗೆ ಹೇಳುವುದು ಕೇಳಿಸಿತು: "ನಾಕು ಕಿಲೋಮೀಟರ್ ನಡದದ್ದು ಗೊತ್ತ ಆಗಲಿಲ್ರಿ. ಸಾಹೇಬ್ರು ತಮ್ಮ ಲಗ್ನದ ಕಥಿ ಹೇಳಿದ್ರು. ಕಡೀತನಕಾ ಹೇಳಿದ್ರು."

ಕಡೀತನಕಾ! ನಡೆಯುವಾಗ ಸಾಹೇಬರಿಗೆ ಉಸಿರು ಸಾಲುತ್ತದೆ ಎಂದು ಆರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಒಂದು ಸಲ ಸೈಕಲ್ಲಿನಿಂದ ಇಳಿದು ಅವರ ಜೊತೆ ನಡೆದಿದ್ದರೆ ಆಗುತ್ತಿತ್ತು. ನಾನು ಇಳಿಯಲಿಲ್ಲ, ಬದಲಿಗೆ ಆಕೆಯನ್ನು ಇಳಿಸಿದೆ. ನನ್ನ ಕೈಯಾರೆ ಮಾಡಿದ ಹಿತ್ತಾಳೆಯ ಮುಚ್ಚಳದಿಂದ ಆ ನಾಲ್ಕು ಕಿಲೋಮೀಟರನ್ನು ಆಕೆಗೆ ಕೊಟ್ಟೆ. ಒಬ್ಬ ಮುದುಕನ ಕಾಲು ನೋಯಿಸಿದ್ದಕ್ಕಿಂತ ಹೆಚ್ಚಾಗಿ ಇದು ನನ್ನನ್ನು ಕೊರೆಯಿತು ಎಂದು ಬರೆಯುವುದಕ್ಕೆ ಸಂಕೋಚವಾಗುತ್ತದೆ, ಆದರೆ ಹಾಗೆಯೇ ಆಯಿತು.

ಖಾನಾಪುರದ ಅವರ ಮನೆಯಲ್ಲಿ ಗಂಡ ಅಂಗಳಕ್ಕೆ ಬಂದು "ಬರ್ರಿ, ಬರ್ರಿ" ಎಂದು ಒಂಬತ್ತು ಜನರ ಸೈಕಲ್ಲನ್ನೂ ತಾವೇ ಒಳಗೆ ತೆಗೆದುಕೊಂಡರು. ಬಿಸಿ ಅಕ್ಕಿ ಭಾಕರಿ, ಕಡಲೆಹಿಟ್ಟಿನ ಝುಣಕಾ, ಹಸಿಮೆಣಸಿನಕಾಯಿ ಖಾರ. ಸಾಹೇಬರ ಮೊಣಕಾಲಿಗೆ ಅಕ್ಕಾವ್ರು ಬಿಸಿನೀರಿನ ಬಟ್ಟೆ ಕಟ್ಟಿದರು. ನನಗೆ ಎರಡನೇ ಭಾಕರಿ ಬಡಿಸುವಾಗ "ಕಾಕಾ, ನೀವಿದ್ರಿ ಅಂತ ಮರ್ಯಾದಿ ಉಳೀತು" ಎಂದರು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದೆ.

ಮರುದಿನ ಬೆಳಿಗ್ಗೆ ಬೆಳಗಾವಿಗೆ ಹೊರಟೆವು. ಅಕ್ಕಾವ್ರ ಪ್ರವಾಸ ಅಲ್ಲಿಗೇ ಮುಗಿಯಬೇಕಿತ್ತು, ಮನೆಯೇ ಅಲ್ಲಿ. ಆದರೆ "ಸೀಟಿ ಹಿಡದವರು ಕಡೀತನಕಾ ಬರಬೇಕಲ್ರೀ" ಎಂದು ಹೊರಟೇಬಿಟ್ಟರು. ಮತ್ತೆ ಅಷ್ಟೂ ದಾರಿ ಒಬ್ಬರೇ ವಾಪಸು ತುಳಿಯಬೇಕು. ನಾನಾಗಿದ್ದರೆ ಅಂಗಳದಲ್ಲೇ ಎರಡು ಸೀಟಿ ಊದಿ ಕೈ ಬೀಸುತ್ತಿದ್ದೆ. ಇದಕ್ಕೂ ನನಗೆ ಉರಿಯಿತು.

ಸಪಾಟು ರಸ್ತೆ. ಸಾಹೇಬರ ಪಕ್ಕ ಬಂದೆ. ಅಕ್ಕಾವ್ರು ನಮ್ಮ ಹಿಂದೆ ತುಸು ದೂರದಲ್ಲಿದ್ದರು. ಸಾಹೇಬರು ರಸ್ತೆಯನ್ನೇ ನೋಡುತ್ತ ಕೇಳಿದರು, "ಎಣ್ಣಿ ಹಾಕಿದೇನ ತಮ್ಮಾ, ಪಂಪಿಗೆ?"

"ಹೂಂ, ಹಾಕಿದೆ."

"ಆರು ವರ್ಷ ನಿನ್ನ ಬಾಜೂಕ ಕುಂತು ನೋಡೇನಿ ನಾ. ನೀ ಅದನ್ನ ಬಲಕ್ಕ ತಿರುವತೀ."

ನನ್ನ ಕಾಲು ನಿಂತಿತು, ಸೈಕಲ್ ತಾನೇ ಉರುಳುತ್ತಿತ್ತು. "ಗೊತ್ತಿತ್ತೇನ್ರಿ ನಿಮಗ? ಮತ್ತ ಆಕಿಗೆ ಯಾಕ ಹೇಳಲಿಲ್ಲ? ನಾಕು ಕಿಲೋಮೀಟರ್ ಯಾಕ ನಡದ್ರಿ?"

"ಹೇಳಿದ್ರ, ನೀ ಹೇಳಿಲ್ಲ ಅಂತ ಆಕಿಗೆ ಗೊತ್ತ ಆಗತಿತ್ತು" ಎಂದರು ಸಾಹೇಬರು. "ನೀ ಅಂಥಾಂವ ಅಲ್ಲ ಅಂತ ಅನ್ಕೊಂಡಿದ್ಲು. ಇರಲಿ ಬಿಡು ಅಂದೆ."

ಅಷ್ಟೇ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಲು ಆ ಕಾಲು ಎಳೆದುಕೊಂಡು ಘಾಟು ನಡೆದವರು ಈಗ ಗಿಯರ್ ಬದಲಿಸಿ ತಮ್ಮ ಪಾಡಿಗೆ ತುಳಿಯುತ್ತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಮಚ್ಛೆಯಲ್ಲಿ ನನ್ನ ವರ್ಕ್‌ಶಾಪು ರಸ್ತೆಗೇ ಇದೆ. ಅಂದು ರವಿವಾರ, ಶಟರ್ ಎಳೆದಿತ್ತು. ನಾನು ಅದರ ಮುಂದೆ ಸೈಕಲ್ ನಿಲ್ಲಿಸಿದೆ. ಸಾಹೇಬರು ಒಮ್ಮೆ ನನ್ನತ್ತ ನೋಡಿ, ನಿಲ್ಲದೆ ಮುಂದೆ ಹೋದರು. ಅಕ್ಕಾವ್ರು ಬಂದರು. ನಾನು ನಿಂತರೆ ಅವರೂ ನಿಲ್ಲಲೇಬೇಕು, ಅದು ಪದ್ಧತಿ.

"ಪಂಕ್ಚರೇನ್ರಿ ಕಾಕಾ?" ಎಂದು ಆಗಲೇ ಬೆನ್ನಿನ ಚೀಲ ಇಳಿಸತೊಡಗಿದರು.

"ಅಲ್ಲ. ಪಂಪ ಕೊಡ್ರಿ" ಎಂದೆ. ಕೊಟ್ಟರು. ಅವರ ಕಣ್ಣ ಮುಂದೆಯೇ ಮುಚ್ಚಳವನ್ನು ಬಲಕ್ಕೆ ತಿರುವಿ ಬಿಚ್ಚಿದೆ. ಎಡಕ್ಕೆ ತಿರುವಿ ಮುಚ್ಚಿದೆ. "ಇದು ಉಲ್ಟಾ ಥ್ರೆಡ್. ನಾನ ಮಾಡೇನಿ. ನಿಮಗ ಹೇಳೂದು ಮರತದ್ದಲ್ಲ, ಬೇಕಂತ ಹೇಳಲಿಲ್ಲ. ನೀವು ಹಿಂದ ಬರೂದು ನನಗ ಸೇರಲಿಲ್ಲ."

ಅವರು ಪಂಪನ್ನು ತೆಗೆದುಕೊಂಡರು. ತಾವೂ ಒಮ್ಮೆ ಬಿಚ್ಚಿದರು, ಮುಚ್ಚಿದರು. ಮತ್ತೊಮ್ಮೆ. ಸುಲಿದ ಅಂಗೈಗೆ ತಾಗದಂತೆ ಬೆರಳ ತುದಿಯಿಂದ ಮೂರನೇ ಸಲ.

"ಸಾಹೇಬ್ರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಅದಕ್ಕ ಕಥಿ ಹೇಳಕೋತ ನಡದ್ರು. ನಾ ಸುಮ್ಮನ ಅದನ್ನ ತಿರುವಾಕ ನಿಂತರ, ಬಿಡ ಮಗಳ, ಕಥಿ ಕೇಳ ಅಂತಿದ್ರು." ಪಂಪನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಸಿಟ್ಟು ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು. ಮರಾಠಿಯಲ್ಲಿ ಏನೋ ಒಂದು ಮಾತು ತುಟಿಯವರೆಗೆ ಬಂದು ನಿಂತಿತು. ಕೊನೆಗೆ ತಪ್ಪು ಮಾಡಿದ ಹುಡುಗನನ್ನು ವಾಪಸು ಸಾಲಿನಲ್ಲಿ ನಿಲ್ಲಿಸುವ ದನಿಯಲ್ಲಿ, "ನಡೀರಿ ಕಾಕಾ. ಚಾ ಆರತಾವು. ನೀವು ಮುಂದ ನಡೀರಿ" ಎಂದರು.

ನನ್ನ ಕೈ ಕಿಸೆಯೊಳಗೆ ಹೋಗಿತ್ತು, ಸ್ಟೀಲಿನ ಸೀಟಿ ಬೆರಳಿಗೆ ಸಿಕ್ಕಿತ್ತು. ತೆಗೆಯಲಿಲ್ಲ. ಸೈಕಲ್ ಹತ್ತಿ ಮುಂದೆ ಹೋದೆ.

ಬೆಳಗಾವಿಯಲ್ಲಿ ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರದ ಅಂಗಡಿಯಲ್ಲಿ ಏಳು ಜನ ಚಹಾ ಮುಂದಿಟ್ಟುಕೊಂಡು ಕಾಯುತ್ತಿದ್ದರು. ನಾನು ಬಂದೆ, ಯಾರೂ ಕಪ್ಪು ಮುಟ್ಟಲಿಲ್ಲ. ನನ್ನ ಹಿಂದೆ ತಿರುವಿನಲ್ಲಿ ಹಸಿರು ದಾರ ಕಂಡಿತು, ಎರಡು ಸೀಟಿ ಕೇಳಿದವು, ಎಲ್ಲರೂ ಚಹಾ ಎತ್ತಿದರು. ಸಾಹೇಬರು ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು.

ಸೀಟಿ ಈಗಲೂ ಅಕ್ಕಾವ್ರ ಕೊರಳಲ್ಲೇ ಇದೆ. ರವಿವಾರ ನಾನು ಮಧ್ಯದಲ್ಲಿ ಎಲ್ಲೋ ತುಳಿಯುತ್ತೇನೆ. ಏರು ಬಂದಾಗ ಹಿಂದೆ ಸಾಹೇಬರ ದನಿ ಕೇಳುತ್ತದೆ, ಹೊಟ್ಟೆ ಈಗಲೂ ಉರಿಯುತ್ತದೆ. ಮಳೆಯಲ್ಲಿ ಛತ್ರಿ ಹಿಡಿದು ನಿಂತ ಆ ಅಪ್ಪ ಏನು ಹೇಳಿದರೆಂದು ಅಕ್ಕಾವ್ರಿಗೆ ಗೊತ್ತು, ಕೇಳಿದರೆ ಹೇಳಿಯೂ ಹೇಳುತ್ತಾರೆ. ನಾನು ಇನ್ನೂ ಕೇಳಿಲ್ಲ.